ಅಂಬಮ್ಮತ್ತೆಯ ಮುಟ್ಟು

ಠಕ್, ಠಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಠಕ್.

ಬಡಿಗೇರ ಮೌನಪ್ಪನ ಬಾಚಿ ಜಾಲಿ ಕಟ್ಟಿಗೆಗೆ ಬೀಳುವ ಸದ್ದು ಅದು. ನಾವು ಚಿಕ್ಕವರಿದ್ದಾಗ ದಸರಾ ಹಾಲಿಡೇಸ್ ಶುರುವಾಗುತ್ತಿದ್ದುದು ಕ್ಯಾಲೆಂಡರಿನಿಂದ ಅಲ್ಲ, ಆ ಸದ್ದಿನಿಂದ. ರಾಯಚೂರಿನಲ್ಲಿ ಕೆಂಪು ಬಸ್ಸು ಹತ್ತಿ, ಕಲ್ಮಲ ದಾಟಿ, ಗಬ್ಬೂರು ದಾಟಿ, ದೇವದುರ್ಗದ ಕಡೆಯ ನಮ್ಮೂರಿನ ಕ್ರಾಸಿಗೆ ಇಳಿದರೆ ಊರು ಕಾಣುವ ಮೊದಲೇ ಅದು ಕೇಳಿಸುತ್ತಿತ್ತು. ಹಿಂಗಾರಿ ಜೋಳ ಬಿತ್ತುವ ಹೊತ್ತು. ಊರವರೆಲ್ಲ ತಮ್ಮ ತಮ್ಮ ಬಿತ್ತುವ ಕೂರಿಗೆ, ಹರಗುವ ಕುಂಟೆ, ಉಳುವ ರಂಟೆ ಹೊತ್ತು ತಂದು ಮೌನಪ್ಪನ ಅಂಗಳದಲ್ಲಿ ಒಟ್ಟಿರುತ್ತಿದ್ದರು. ಮಹಾನವಮಿಯೊಳಗೆ ಎಲ್ಲವೂ ರಿಪೇರಿಯಾಗಿ ಮನೆ ಸೇರಬೇಕು, ಪೂಜೆಗೆ ಕೂಡಬೇಕು. ಹಸಿ ಕಟ್ಟಿಗೆಯ ಒಗರು ವಾಸನೆ, ಅದರ ಜೊತೆಗೆ ಯಾರದೋ ಮನೆಯಲ್ಲಿ ಬೆಲ್ಲ ಕಾಯುವ ವಾಸನೆ. ಈಗಲೂ ಎಲ್ಲಾದರೂ ಹೊಸ ಬಾಗಿಲು ಕೂಡಿಸುತ್ತಿದ್ದರೆ ನನ್ನ ಬಾಯಲ್ಲಿ ಹೋಳಿಗೆಯ ರುಚಿ ಬರುತ್ತದೆ. ಅದರ ಹಿಂದೆಯೇ ಇನ್ನೊಂದು ರುಚಿಯೂ ಬರುತ್ತದೆ. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ರಾಯಚೂರಿನ ಒಂದು ಕಾನ್ವೆಂಟಿನಲ್ಲಿ ಸಿಕ್ಸ್ತ್ ಸ್ಟ್ಯಾಂಡರ್ಡ್. ಅಪ್ಪ ಹತ್ತಿ ಮಿಲ್ಲಿನಲ್ಲಿ ಗುಮಾಸ್ತ. ಮಗಳು ಇಂಗ್ಲಿಷ್ ಮಾತಾಡುವುದನ್ನು ಕೇಳಬೇಕು ಎಂಬ ಆಸೆಗೆ ತನ್ನ ಸಿಗರೇಟು ಬಿಟ್ಟು ಫೀಸು ಕಟ್ಟಿದವನು. ಆ ವರ್ಷ ಅವ್ವ ನನ್ನ ತಮ್ಮನನ್ನು ಹೆರಲು ತವರಿಗೆ ಹೋಗಿದ್ದಳು. ಹಬ್ಬಕ್ಕೆ ಊರಿಗೆ ಹೊರಟವರು ಅಪ್ಪ ಮತ್ತು ನಾನು ಇಬ್ಬರೇ. ಸಿಸ್ಟರ್ ರಜೆಗೆಂದು ಹೋಮ್‌ವರ್ಕ್ ಕೊಟ್ಟಿದ್ದರು. ನಿಮ್ಮ ಊರಿನ ರೈತರ ಇಂಪ್ಲಿಮೆಂಟ್ಸ್ ಬಗ್ಗೆ ಒಂದು ಪುಟ ಬರೆಯಬೇಕು, ಚಿತ್ರ ಬಿಡಿಸಿ ಬಣ್ಣ ಹಾಕಬೇಕು.

ಊರಿಗೆ ಹೋದ ದಿನವೇ ತಾತನನ್ನು ಹಿಡಿದೆ. ಕಟ್ಟೆಯ ಮೇಲೆ ಕೂತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ.

"ತಾತ, ಇಂಪ್ಲಿಮೆಂಟ್ಸ್ ಅಂದ್ರ ಕನ್ನಡದಾಗ ಏನು?"

"ಏನದು? ಗುಳಗೀನಾ?"

"ಅಲ್ಲ. ಕೂರಿಗಿ, ಕುಂಟಿ, ಕುಡಗೋಲು, ಎಲ್ಲಾ ಸೇರಿಸಿ ಏನಂತಾರ?"

"ಮುಟ್ಟು ಅಂತಾರ ಬೇ. ಒಕ್ಕಲುತನದ ಮುಟ್ಟು."

ನನ್ನ ಮುಖ ಬಿಸಿಯಾಯಿತು. ಆ ಶಬ್ದ ನನಗೆ ಅವ್ವನ ಪಿಸುಮಾತಿನಲ್ಲಿ ಮಾತ್ರ ಗೊತ್ತಿತ್ತು. ಶಾಲೆಯಲ್ಲಿ ದೊಡ್ಡ ಹುಡುಗಿಯರು ಅದಕ್ಕೆ ಚಮ್ಸ್ ಅನ್ನುತ್ತಿದ್ದರು, ಮತ್ತು ಅದನ್ನು ಗಂಡಸರ ಮುಂದೆ ಹೇಳಬಾರದು.

"ತಾತ, ಹಂಗೆಲ್ಲ ಅನಬಾರದು."

"ಯಾಕ? ನಾ ಏನಂದೆ?"

ಹೊಸ್ತಿಲಲ್ಲಿ ಕೂತು ಬೀಜದ ಜೋಳ ಹಸನು ಮಾಡುತ್ತಿದ್ದ ಅಂಬಮ್ಮತ್ತೆ ಮೊರ ಕೆಳಗಿಟ್ಟು ನಗತೊಡಗಿದಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಯಪ್ಪಾ, ನಿನ್ನ ಮೊಮ್ಮಗಳು ಬ್ಯಾರೆ ಮುಟ್ಟು ತಿಳಕೊಂಡಾಳ."

ತಾತ ಹಗ್ಗ ಬಿಟ್ಟು ತಲೆ ಕೆರೆದುಕೊಂಡ. ಮುಖದಲ್ಲಿ ಒಂದಿಷ್ಟೂ ನಾಚಿಕೆ ಇರಲಿಲ್ಲ. "ಎರಡೂ ಒಂದ ಅಲ್ಲೇನು. ಎರಡೂ ಇರಲಿಲ್ಲಂದ್ರ ಏನು ಹುಟ್ಟತದ?"

ಅಂಬಮ್ಮತ್ತೆ ನನ್ನನ್ನು ಹತ್ತಿರ ಕೂಡಿಸಿಕೊಂಡು, ಜೋಳ ಆರಿಸುತ್ತಲೇ ಪಾಠ ಹೇಳಿದಳು. ಮೌನಪ್ಪನ ಬಾಚಿ, ಉಳಿ ಅವನ ಮುಟ್ಟು. ನಾವು ಓಣಿಯಲ್ಲಿ ಆಡುವುದು ಮುಟ್ಟಾಟ. ಬಸ್ಸಿನಲ್ಲಿ ಕಳಿಸಿದ ಗಂಟು ಊರಿಗೆ ಬಂತೇನು ಅಂತ ಕೇಳಬೇಕಾದರೆ "ಮುಟ್ಟಿತೇನು" ಅನ್ನಬೇಕು. ಸಾಲ ತೀರಿಸದವನ ಎತ್ತು ಬಂಡಿ ಎಳೆದುಕೊಂಡು ಹೋದರೆ ಮುಟ್ಟುಗೋಲು. "ನಾ ತಿಂಗಳಿಗೊಮ್ಮಿ ಹೊರಗ ಕೂಡೂದೂ ಮುಟ್ಟ. ನಿಮ್ಮ ಸಿಸ್ಟರಿಗೆ ಹೇಳು, ನಮ್ಮತ್ತಿ ಒಂದ ಮಾತಿನಾಗ ಇಡೀ ಸಂಸಾರ ಮುಗಸ್ತಾಳ ಅಂತ."

ನಾನು ಮನಸ್ಸಿನಲ್ಲೇ ಇಂಗ್ಲಿಷಿಗೆ ಹಾಕಿ ನೋಡಿದೆ. ಟೂಲ್, ಟಚ್, ರೀಚ್, ಪೀರಿಯಡ್. ಅಲ್ಲಿ ಒಂದೊಂದಕ್ಕೂ ಸೆಪರೇಟ್ ವರ್ಡ್ ಇತ್ತು. ಆಗ ನನಗೆ ಅದು ದೊಡ್ಡ ಶ್ರೀಮಂತಿಕೆ ಅನ್ನಿಸಿತು.

ಅಂಬಮ್ಮತ್ತೆ ಅಪ್ಪನ ತಂಗಿ. ಮಾನ್ವಿ ಕಡೆಯ ಒಂದು ಊರಿಗೆ ಕೊಟ್ಟಿದ್ದರು. ಮಕ್ಕಳಾಗುವ ಮೊದಲೇ ಗಂಡ ಹಾವು ಕಚ್ಚಿ ಸತ್ತ, ಇವಳು ತವರಿಗೆ ಮರಳಿದಳು. ಅವನ ಪಾಲಿಗೆ ಬಂದ ನಾಲ್ಕೆಕರೆ ಎರೆ ಹೊಲ ಇವಳ ಹೆಸರಿಗೆ ಉಳಿದಿತ್ತು. ಆದರೆ ಹೆಸರಿಗಷ್ಟೇ. ಎರಡು ವರ್ಷ ಬಿತ್ತದೆ ಬಿದ್ದಿದ್ದ ಆ ಹೊಲದ ಬದುವಿನ ಮೇಲೆ ಮೈದುನರು ದಿನವೂ ಅಡ್ಡಾಡುತ್ತಿದ್ದರು. ಅಲ್ಲಿ ಇವಳಿಗೆ ಕೂರಿಗೆ ಎರವಲು ಕೊಡುವವರು ಯಾರೂ ಇರಲಿಲ್ಲ, ಎಲ್ಲರೂ ಮೈದುನರಿಗೆ ಅಂಜುವವರು. ಆ ಸಲದ ಹಿಂಗಾರಿಗೆ ತಾನೇ ಹೋಗಿ ಬಿತ್ತಬೇಕು ಎಂದು ಅತ್ತೆ ಮನಸ್ಸು ಮಾಡಿದ್ದಳು. ಅದಕ್ಕೆ ಬೇಕಾಗಿದ್ದುದು ಮುಟ್ಟು.

ಆ ಮಾತು ಬಂದದ್ದು ರಾತ್ರಿ ಊಟಕ್ಕೆ ಕೂತಾಗ. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ತಾತ, ಅಪ್ಪ, ಕಾಕಾ ಮೂವರೂ ಸಾಲಾಗಿ ಕೂತಿದ್ದರು. ಕಾಕಾ ಎಂದರೆ ಅಪ್ಪನ ತಮ್ಮ ಅಮರಪ್ಪ, ಹೊಲಮನೆಯೆಲ್ಲ ಅವನ ಕೈಯಲ್ಲಿ. ಕೆಟ್ಟ ಮನುಷ್ಯ ಅಂತ ನಾನು ಅವನನ್ನು ಎಂದೂ ಅಂದುಕೊಂಡಿರಲಿಲ್ಲ. ಸಂತೆಯಿಂದ ನನಗಾಗಿ ಬಿಸಿ ಮಿರ್ಚಿ ಪೇಪರಿನಲ್ಲಿ ಕಟ್ಟಿಸಿ, ಆರಬಾರದೆಂದು ಅಂಗಿಯೊಳಗಿಟ್ಟುಕೊಂಡು ತರುತ್ತಿದ್ದವನು ಅವನೇ.

"ಯಪ್ಪಾ," ಅಂದಳು ಅತ್ತೆ, ರೊಟ್ಟಿ ಬಡಿಸುತ್ತ. "ಆ ಹಳೇ ಕೂರಿಗಿ, ಒಂದು ಕುಂಟಿ, ಮುದಿ ಜೋಡೆತ್ತು. ಅಷ್ಟು ಕೊಡ್ರಿ. ಬಂಗಾರ ಬ್ಯಾಡ, ಸೀರಿ ಬ್ಯಾಡ. ಈ ಸಲ ನಾ ಬಿತ್ತಲಿಲ್ಲಂದ್ರ ಮೈದುನರು ತಮ್ಮ ಕೂರಿಗಿ ಇಳಸ್ತಾರ. ಒಮ್ಮಿ ಇಳಸಿದ್ರಂದ್ರ ಹೊಲ ಹೋದಂಗ."

ಕಾಕಾ ತುತ್ತು ನಿಲ್ಲಿಸಿದ. "ಹೆಣಮಗಳು ಕೂರಿಗಿ ಹೂಡತಾಳಂದ್ರ ಮಂದಿ ನನಗ ನಗತಾರ."

"ನಗಲಿ ಬಿಡಪ. ನಿನ್ನ ಹಲ್ಲೇನು ಉದರಂಗಿಲ್ಲ."

"ಎತ್ತು ಹೊಡಿಯಾವ ಯಾರು?"

"ಹೊಡಿಯಾಕ ಒಬ್ಬ ಆಳು ನೋಡೀನಿ. ಕಾಳು ಬಿಡೂದು ನನ್ನ ಕೈ. ಇಷ್ಟು ವರ್ಷ ನಿನ್ನ ಹೊಲದಾಗ ಬಿಟ್ಟಿಲ್ಲೇನು?"

ಇದಕ್ಕೆ ಯಾರೂ ಎದುರು ಹೇಳುವಂತಿರಲಿಲ್ಲ. ಕೂರಿಗೆಯ ಹಿಂದೆ ನಡೆಯುತ್ತ, ಉಡಿಯಿಂದ ಕಾಳು ತೆಗೆದು, ಮೇಲಿನ ಕಟ್ಟಿಗೆ ಬಟ್ಟಲಿಗೆ ಬೆರಳ ಸಂದಿಯಿಂದ ಒಂದೇ ಸಮನೆ ಬಿಡುವುದು ನಮ್ಮ ಕಡೆ ಹೆಂಗಸರ ಕೆಲಸ. ಕಾಳು ಬಿದಿರಿನ ಕೊಳವೆಗಳಲ್ಲಿ ಸರ್ರೆಂದು ಇಳಿದು ಮಣ್ಣು ಸೇರುತ್ತದೆ. ಎಡವಿದರೆ ಅಲ್ಲೊಂದು ಬೋಳು, ಇಲ್ಲೊಂದು ಪೊದೆ. ಅತ್ತೆಯ ಸಾಲು ಮೊಳೆತಾಗ ನೋಡಲು ಪಕ್ಕದ ಹೊಲದವರೂ ನಿಲ್ಲುತ್ತಿದ್ದರು.

ತಾತ ಬಾಯಿ ತೊಳೆದುಕೊಂಡು ಹೇಳಿದ. "ಕೊಡ್ತೀನಿ. ದಶಮಿ ದಿನ ಹಿರ್ಯಾರ ಮುಂದ ನೀನ ಮುಟ್ಟು ಎತ್ತು."

ಮುಟ್ಟು ಎತ್ತುವುದೆಂದರೆ ನಮ್ಮ ಮನೆಯ ಪದ್ಧತಿ. ನವಮಿಯ ದಿನ ಪೂಜೆಗೆ ಕೂಡಿಸಿದ ಮುಟ್ಟುಗಳನ್ನು ಮರುದಿನ ಬೆಳಗಿನ ತನಕ ಯಾರೂ ಮುಟ್ಟುವುದಿಲ್ಲ. ದಶಮಿಯ ಬೆಳಿಗ್ಗೆ ಊರಿನ ಇಬ್ಬರು ಹಿರಿಯರನ್ನು ಕರೆಸಿ, ಅವರ ಕಣ್ಣೆದುರಿಗೆ ಯಾರು ಯಾವ ಮುಟ್ಟಿನ ಮೇಲೆ ಕೈ ಇಡುತ್ತಾರೋ ಅದು ಅವರ ಪಾಲಿನದು. ಕಾಗದ ಇಲ್ಲ, ಸಹಿ ಇಲ್ಲ. ಮುಟ್ಟಿದರೆ ಆಯಿತು.

ಅಪ್ಪ ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡ.

ಮನೆಯ ಹಿಂದೆ ಒಂದು ಉದ್ದನೆಯ ಮಣ್ಣಿನ ಕೋಣೆ ಇತ್ತು. ನಡುವೆ ಎದೆಯೆತ್ತರದ ಗೋಡೆ. ಈಚೆ ಬದಿಗೆ ಕೂರಿಗೆ, ನೊಗ, ಹಗ್ಗ, ಸಲಿಕೆ. ಆಚೆ ಬದಿಗೆ ಒಂದು ಚಾಪೆ, ಒಂದು ಕೌದಿ, ಒಂದು ಸೊಟ್ಟ ತಂಬಿಗೆ. ಮನೆಯ ಹೆಂಗಸರು ತಿಂಗಳಿಗೊಮ್ಮೆ ಅಲ್ಲಿ ಕೂಡುತ್ತಿದ್ದರು. ಗಂಡಸರು ಅದನ್ನು ಮುಟ್ಟಿನ ಕೋಣಿ ಅನ್ನುತ್ತಿದ್ದರು. ಹೆಂಗಸರೂ ಮುಟ್ಟಿನ ಕೋಣಿ ಅನ್ನುತ್ತಿದ್ದರು. ಯಾರ ಮಾತು ಯಾವ ಬದಿಯದು ಎಂದು ನಾನೊಬ್ಬಳೇ ತಲೆ ಕೆಡಿಸಿಕೊಂಡವಳು.

ನವಮಿಯ ಹಿಂದಿನ ಸಂಜೆ ಅಂಬಮ್ಮತ್ತೆ ತಾನೇ ಹೋಗಿ ಆಚೆ ಬದಿಗೆ ಕೂತಳು. ಯಾರೂ ಕಳಿಸಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಬೇಕಿದ್ದರೆ ಮುಚ್ಚಿಡಬಹುದಿತ್ತು. ಆದರೆ ಈ ವಿಷಯದಲ್ಲಿ ಮನೆಯಲ್ಲಿ ಅವಳಷ್ಟು ಸ್ಟ್ರಿಕ್ಟ್ ಯಾರೂ ಇರಲಿಲ್ಲ. ಹಿತ್ತಲಿಗೆ ಬಂದ ತಾತನಿಗೆ ದೂರದಿಂದಲೇ ಹೇಳಿದಳು.

"ಯಪ್ಪಾ, ನಾ ಹೊರಗಾದೆ. ನಾಕ ದಿನ ತಡೀರಿ. ತೆಲಿಮ್ಯಾಲ ನೀರು ಹಾಕ್ಕೊಂಡು ಬಂದು ಎತ್ತತೀನಿ."

"ಆತವ್ವ. ಮುಟ್ಟೇನು ಓಡಿ ಹೋಗತಾವೇನು."

ನಾನು ಅಲ್ಲೇ ಇದ್ದೆ. ತಾತ ಹಾಗೆ ಅಂದದ್ದನ್ನು ನನ್ನ ಕಿವಿಯಿಂದ ಕೇಳಿದ್ದೇನೆ.

ನವಮಿಯ ದಿನ ಮುಟ್ಟುಗಳನ್ನೆಲ್ಲ ಅಂಗಳಕ್ಕೆ ತಂದು ತೊಳೆದರು. ಬೇವಿನೆಣ್ಣೆ ಒರೆಸಿ, ಸುಣ್ಣದ ಪಟ್ಟೆ ಎಳೆದು, ಕುಂಕುಮ ಇಟ್ಟು, ಗೋಡೆಗೆ ಸಾಲಾಗಿ ನಿಲ್ಲಿಸಿದರು. ಕೂರಿಗೆಗೆ ಹೂವಿನ ಸರ ಹಾಕಿದಾಗ ಅದು ಫೋಟೋಕ್ಕೆ ನಿಂತ ಮದುಮಗನ ಹಾಗೆ ಕಾಣುತ್ತಿತ್ತು. ನಾನು ಅದರ ಚಿತ್ರ ಬಿಡಿಸಿದೆ. ಮಧ್ಯಾಹ್ನ ಹೋಳಿಗೆ. ಸಣ್ಣವ್ವ, ಅಂದರೆ ಕಾಕಾನ ಹೆಂಡತಿ, ಅತ್ತೆಯ ಎಲೆಗೆ ಮೇಲಿನಿಂದ ಹೋಳಿಗೆ ಬಿಟ್ಟಳು. ತುಪ್ಪವನ್ನೂ ಮೇಲಿನಿಂದಲೇ ಸುರಿದಳು. ಅದರಲ್ಲಿ ಅರ್ಧ ಎಲೆಯ ಹೊರಗೆ ಬಿತ್ತು.

ಸಂಜೆ ಹಿತ್ತಲಲ್ಲಿ ಓಣಿಯ ಮಕ್ಕಳ ಜೊತೆ ಮುಟ್ಟಾಟ. ಓಡುವುದು, ಹಿಡಿಯುವವನು ಬಂದು ಮುಟ್ಟಿದರೆ ಔಟ್. ನಾನು ಕಾನ್ವೆಂಟಿನ ಗತ್ತಿನಲ್ಲಿ "ಯೂ ಆರ್ ಔಟ್, ಯೂ ಆರ್ ಔಟ್" ಎಂದು ಕಿರುಚುತ್ತಿದ್ದೆ. ಅತ್ತೆ ಕೋಣೆಯ ಬಾಗಿಲಲ್ಲಿ ಕೂತು ನೋಡುತ್ತಿದ್ದಳು.

"ಔಟ್ ಅಂದ್ರೇನಬೇ ಶೈಲಿ?"

"ಹೊರಗ, ಅತ್ತಿ. ಮುಟ್ಟಿಸಿಕೊಂಡವರು ಹೊರಗ."

"ನೋಡು ಮತ್ತ. ನಿಮ್ಮ ಆಟದಾಗ ಮುಟ್ಟಿದ್ರ ಹೊರಗ ಹಾಕತಾರ. ಇಲ್ಲಿ ಮೊದಲ ಹೊರಗ ಹಾಕಿ, ಆಮ್ಯಾಲ ಮುಟ್ಟಬ್ಯಾಡ ಅಂತಾರ." ಅದೂ ಒಂದು ಜೋಕೇ. ಅವಳೇ ನಕ್ಕಳು.

ದಶಮಿಯ ಬೆಳಿಗ್ಗೆ ನಾನು ಎದ್ದು ಬಂದಾಗ ಅಂಗಳದಲ್ಲಿ ಕಂಬಳಿ ಹಾಸಿತ್ತು. ಇಬ್ಬರು ಹಿರಿಯರು ಕೂತು ಚಹಾ ಕುಡಿಯುತ್ತಿದ್ದರು. ತಾತ ಅವರ ಪಕ್ಕದಲ್ಲಿ ಕೂತು ನೆಲ ನೋಡುತ್ತಿದ್ದ. ಅಪ್ಪ ಕಂಬಕ್ಕೆ ಒರಗಿದ್ದ. ಕಾಕಾ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ನಿಂತಿದ್ದ.

"ಹಸ್ತದ ಮಳಿ ಆಗ್ಯಾದ," ಅಂದ ಕಾಕಾ. "ನೆಲದಾಗ ಹಸಿ ಬರೋಬ್ಬರಿ ಅದ. ಇವತ್ತ ಕೂರಿಗಿ ಹೋಗಬೇಕು. ನಾಕ ದಿನ ತಡದ್ರ ಬಿಸಲಿಗೆ ಹಸಿ ಆರತದ. ಯಾರ ಸಲುವಾಗಿ ತಡೀಲಿ?"

ಹಿರಿಯರು ತಲೆಯಾಡಿಸಿದರು. ಹಸಿಯ ಮಾತು ಸುಳ್ಳಲ್ಲ. ಹಳೆಯ ಕೂರಿಗೆಯೊಂದನ್ನು ಬಿಟ್ಟು ಹೊಸ ಕೂರಿಗೆಯಿಂದ ಬಿತ್ತಬಹುದಲ್ಲ ಎಂದು ಮಾತ್ರ ಯಾರೂ ಕೇಳಲಿಲ್ಲ. ತಾತ ಕೇಳಬಹುದಾಗಿತ್ತು. ಅಪ್ಪನೂ ಕೇಳಬಹುದಾಗಿತ್ತು.

ಕಾಕಾ ಗೋಡೆಯ ಸಾಲಿನ ಒಂದು ತುದಿಯಿಂದ ಶುರು ಮಾಡಿದ. ರಂಟೆಯ ಮೇಲೆ ಕೈ ಇಟ್ಟು ಕಣ್ಣಿಗೆ ಒತ್ತಿಕೊಂಡ. ನೊಗ. ಹೊಸ ಕೂರಿಗೆ. ಕುಂಟೆ. ಒಂದೊಂದನ್ನೂ ಮುಟ್ಟುತ್ತ ಬಂದು ಹಳೆಯ ಕೂರಿಗೆಯ ಹತ್ತಿರ ಬಂದ.

"ಅದನ್ನ ಬಿಡಪ್ಪ," ಎಂಬ ಮಾತು ಕೇಳಿಸಿತು.

ಅಂಬಮ್ಮತ್ತೆ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಕೂದಲು ಬಾಚಿರಲಿಲ್ಲ. ಆ ಸ್ಥಿತಿಯಲ್ಲಿ ಅವಳು ಅಂಗಳಕ್ಕೆ ಬಂದದ್ದನ್ನು ಆ ಮನೆ ಅದುವರೆಗೆ ನೋಡಿರಲಿಲ್ಲ. ಸಣ್ಣವ್ವ "ಅಯ್ಯ ಯವ್ವಾ" ಎಂದು ಮಡಕೆ ಎತ್ತಿಕೊಂಡು ಸರಿದಳು.

"ಅಲ್ಲೇ ನಿಂದ್ರು," ಅಂದ ಕಾಕಾ.

"ಯಪ್ಪಾ ನನಗ ತಡೀತೀನಿ ಅಂದಾನ. ಕೇಳು."

ಎಲ್ಲರೂ ತಾತನ ಕಡೆ ನೋಡಿದರು. ತಾತ ಎಲೆಅಡಿಕೆ ಚೀಲದ ದಾರ ಬಿಚ್ಚಿದ. ಮತ್ತೆ ಕಟ್ಟಿದ. "ಮಳಿ ಬಂದದವ್ವ," ಅಂದ. ಅಷ್ಟೇ.

ಅತ್ತೆ ಅಂಗಳ ದಾಟಿ ಬಂದಳು. ಕಾಕಾ ತಾನಾಗಿಯೇ ಹಿಂದೆ ಸರಿದ, ತನಗೆ ತಾಗೀತೆಂದು. ಹಾಗಾಗಿ ಅವಳಿಗೆ ದಾರಿ ಸಿಕ್ಕಿತು. ಹಳೆಯ ಕೂರಿಗೆಯ ದಿಂಡಿನ ಮೇಲೆ, ಬಟ್ಟಲಿನ ಬದಿಗೆ, ಇಡೀ ಅಂಗೈ ಇಟ್ಟಳು. ಒತ್ತಿ ಇಟ್ಟಳು. ಹಿಂದಿನ ದಿನದ ಸುಣ್ಣದ ಮೇಲೆ ಬೆರಳುಗಳ ಗುರುತು ಬಿತ್ತು.

"ಮುಟ್ಟೀನಿ. ಹಿರ್ಯಾರು ಇಬ್ಬರೂ ನೋಡೀರಿ. ಇದು ನಂದು."

ಹಿರಿಯರಲ್ಲಿ ಒಬ್ಬ ಚಹಾದ ಬಸಿ ಕೆಳಗಿಟ್ಟ. ಬೈಯಲಿಲ್ಲ. ಬಹಳ ಮೆತ್ತಗೆ ಹೇಳಿದ. "ಹೊರಗ ಕುಂತಾಕಿ ಮುಟ್ಟಿದ್ದು ಮುಟ್ಟಿದಂಗ ಅಲ್ಲ ಯವ್ವಾ. ಲೆಕ್ಕಕ್ಕ ಬರಂಗಿಲ್ಲ."

"ಮತ್ತ ಯಾವಾಗ ಬರತದ ಯಜ್ಜಾ ನಂದು ಲೆಕ್ಕಕ್ಕ? ಮುಟ್ಟು ನಿಂತ ಮ್ಯಾಲನಾ?"

ಗಂಡಸರ ಮುಂದೆ ಒಬ್ಬ ಹೆಂಗಸು ಆ ಮಾತು ಆಡಿದ್ದಕ್ಕೆ ಅಂಗಳವೇ ಮುಖ ತಿರುಗಿಸಿತು. ಕಾಕಾ ಆಳನ್ನು ಕೂಗಿದ. "ಮೌನಪ್ಪನ ಜಲ್ದಿ ಕರಕೊಂಬಾ. ಕೂರಿಗಿ ಮೈಲಿಗಿ ಆತು. ಆಕಿ ಮುಟ್ಟಿದ್ದು ಕೆತ್ತಿ ತೆಗದು ಹಸನ ಮಾಡಲಿ."

ನಾನು ಕಾನ್ವೆಂಟಿನ ಹುಡುಗಿ. ಅರ್ಥವಾಗದಿದ್ದರೆ ಕೈ ಎತ್ತಿ ಕೇಳಬೇಕೆಂದು ಕಲಿಸಿದ್ದರು. ಕೈಯನ್ನೂ ಎತ್ತಿದೆನೋ ಏನೋ.

"ಅಪ್ಪ, ಅತ್ತಿ ಮುಟ್ಟಿಲ್ಲಂದ್ರ ಕೆತ್ತೂದು ಯಾಕ? ಮುಟ್ಟ್ಯಾಳಂದ್ರ ಕೊಡವಲ್ರು ಯಾಕ?"

ಆ ಇಡೀ ಬೆಳಗಿನಲ್ಲಿ ಅಪ್ಪ ಕಂಬ ಬಿಟ್ಟು ಕದಲಿದ್ದು ಆಗಲೇ. ಬಂದು ನನ್ನ ಕೆನ್ನೆಗೆ ಹೊಡೆದ. ಮುಟ್ಟಿ ನೋಡಿಕೊಳ್ಳುವಂಥ ಏಟು ಅನ್ನುತ್ತಾರಲ್ಲ, ಅಂಥದ್ದು. "ದೊಡ್ಡವರ ಮಾತಿನಾಗ ಬಾಯಿ ಹಾಕತೀಯೇನು. ಒಳಗ ನಡಿ." ತನ್ನ ಸಿಗರೇಟು ಬಿಟ್ಟು ನನ್ನನ್ನು ಓದಿಸುತ್ತಿದ್ದ ಅಪ್ಪ. ನನಗೆ ಅವನು ಹೊಡೆದದ್ದು ಅದೊಂದೇ ಸಲ. ಅವನು ಸಾಯುವ ತನಕ ನಾನು ಆ ಪ್ರಶ್ನೆ ಮತ್ತೆ ಕೇಳಲಿಲ್ಲ, ಅವನೂ ಉತ್ತರ ಕೊಡಲಿಲ್ಲ.

ಮೌನಪ್ಪ ಬಂದ. ಏನಾಗಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ, ಸುಣ್ಣದಲ್ಲಿ ಕೈ ಮೂಡಿತ್ತು. ಅವನು ಬಾಚಿಯಿಂದ ಆ ಜಾಗವನ್ನು ತೆಳ್ಳಗೆ ಕೆತ್ತಿದ. ಠಕ್, ಠಕ್. ಬೆರಳುಗಳ ಗುರುತು ಒಂದೊಂದಾಗಿ ಹೋದವು. ಆಮೇಲೆ ಉಜ್ಜುಗೊರಡು ಹಾಕಿ ಎಳೆದ. ಸುರುಳಿ ಸುರುಳಿಯಾಗಿ ಸಿಪ್ಪೆ ಬಿದ್ದವು. ಗೋಮೂತ್ರ ಚಿಮುಕಿಸಿದರು. ಕಾಕಾ ಕೈ ಇಟ್ಟ. ಆಗ ಅದು ಲೆಕ್ಕಕ್ಕೆ ಬಂತು.

ಆ ಸಿಪ್ಪೆಯ ಸುರುಳಿಗಳನ್ನು ಆಯ್ದು ಕಿವಿಗೆ ಸಿಕ್ಕಿಸಿಕೊಂಡು ಜುಮುಕಿ ಎನ್ನುವುದು ನಮ್ಮ ಆಟ. ನೀವೂ ಆಡಿರಬಹುದು. ಅಳು ನಿಂತ ಮೇಲೆ ನಾನೂ ಎರಡು ಸಿಕ್ಕಿಸಿಕೊಂಡು 'ಹೇಗೆ ಕಾಣುತ್ತದೆ' ಎಂದು ಅತ್ತೆಗೆ ತೋರಿಸಲು ಹಿತ್ತಲಿಗೆ ಹೋದೆ. ಅವಳು ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದವಳು ತಿರುಗಿದಳು. ಒಂದು ಸುರುಳಿಯ ಅಂಚಿಗೆ ಸುಣ್ಣ ಹತ್ತಿತ್ತು.

"ಛಲೋ ಕಾಣತಾವ," ಅಂದಳು. "ನನ್ನ ಪಾಲು ನಿನ್ನ ಕಿವಿಗೆ ಬಂತು ನೋಡು."

ಸಂಜೆ ಊರೆಲ್ಲ ಬನ್ನಿ ಹಂಚಿಕೊಂಡಿತು. ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು ಅಂತ ಒಬ್ಬರ ಕೈಗೊಬ್ಬರು ಎಲೆ ಕೊಡುತ್ತ, ಕಾಲು ಮುಟ್ಟುತ್ತ ಮನೆಮನೆ ತಿರುಗಿದರು. ನಾನು ಅತ್ತೆಗೊಂದು ಎಸಳು ಒಯ್ದೆ. ಕೈ ಚಾಚಿದರೆ ಅವಳೇ ಹಿಂದೆ ಸರಿದಳು. "ಗ್ವಾಡಿಮ್ಯಾಲ ಇಟ್ಟು ಹೋಗವ್ವ. ಮುಟ್ಟಿಸಬ್ಯಾಡ." ಬೆಳಿಗ್ಗೆ ಇಡೀ ಅಂಗಳವನ್ನು ಎದುರು ಹಾಕಿಕೊಂಡಿದ್ದ ಅವಳು, ಸಂಜೆಗೆ ಆ ಅಂಗಳದ ಮಾತನ್ನೇ ಆಡಿದಳು. ನನಗೆ ಆ ದಿನದಲ್ಲಿ ಎಲ್ಲಕ್ಕಿಂತ ಹೆಚ್ಚು ಭಯವಾದದ್ದು ಅದಕ್ಕೆ.

ತಲೆಗೆ ನೀರು ಹಾಕಿಕೊಂಡು ಒಳಗೆ ಬಂದ ದಿನವೇ ಅವಳು ಹೊಲಕ್ಕೆ ಹೋದಳು. ಇನ್ನೂ ಅರ್ಧ ಹೊಲ ಬಿತ್ತುವುದಿತ್ತು, ಕಾಳು ಬಿಡಲು ಅವಳಂಥ ಕೈ ಇನ್ನೊಂದಿರಲಿಲ್ಲ. ಅದೇ ಹಳೆಯ ಕೂರಿಗೆ. ಕೆತ್ತಿದ ಜಾಗ ಹೊಸದಾಗಿ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಬಟ್ಟಲಿಗೆ ಕಾಕಾನ ಬೀಜವನ್ನು ಬೆರಳ ಸಂದಿಯಿಂದ ಬಿಡುತ್ತ, ಅವನ ಹೊಲದ ಈ ಬದುವಿನಿಂದ ಆ ಬದುವಿಗೆ ನಡೆದಳು. ನಾನು ಬದುವಿನ ಮೇಲೆ ಕೂತು ಆ ಸರ್ರೆಂಬ ಸದ್ದು ಕೇಳಿದೆ. ಒಂದು ಕಾಳೂ ತಪ್ಪಲಿಲ್ಲ. ತಪ್ಪಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ನಾವು ರಾಯಚೂರಿಗೆ ಹೊರಡುವ ಹಿಂದಿನ ದಿನ ಮಾನ್ವಿ ಕಡೆಯಿಂದ ಸುದ್ದಿ ಮುಟ್ಟಿತು. ಮೈದುನರು ಅವಳ ಹೊಲದಲ್ಲಿ ಕೂರಿಗೆ ಇಳಿಸಿದ್ದರು.

ಹೋಮ್‌ವರ್ಕಿನಲ್ಲಿ ನಾನು ಇಂಪ್ಲಿಮೆಂಟ್ಸ್ ಆರ್ ವೆರಿ ಯೂಸ್‌ಫುಲ್ ಟು ಮ್ಯಾನ್ ಎಂದು ಬರೆದೆ. ಕೂರಿಗೆಗೆ ಕಂದು ಬಣ್ಣ ಹಾಕಿದೆ. ಸಿಸ್ಟರ್ ಕೆಂಪು ಮಸಿಯಲ್ಲಿ ಗುಡ್ ಅಂತ ಬರೆದರು.

ಈಗ ಆ ಊರಿಗೆ ಹೋದರೆ ಮೌನಪ್ಪನ ಅಂಗಳದಲ್ಲಿ ಬಾಚಿಯ ಸದ್ದಿಲ್ಲ. ಅವನ ಮಗನದು ವೆಲ್ಡಿಂಗ್ ಶಾಪ್. ಮುಟ್ಟಿನ ಕೋಣೆಯನ್ನು ಕಾಕಾ ಎಂಬತ್ತರ ದಶಕದಲ್ಲೇ ಕೆಡವಿಸಿ ಅಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿದ. ನನ್ನ ಮೊಮ್ಮಗಳು ಡೈನಿಂಗ್ ಟೇಬಲ್ಲಿನಲ್ಲಿ ಎಲ್ಲರೆದುರಿಗೆ "ಪೀರಿಯಡ್ಸ್, ಸ್ಟಮಕ್ ಏಕ್" ಅನ್ನುತ್ತಾಳೆ, ಅವಳಪ್ಪನೇ ಎದ್ದು ಬಿಸಿನೀರಿನ ಬ್ಯಾಗ್ ತಂದುಕೊಡುತ್ತಾನೆ. ಅದಕ್ಕೆ ನನಗೆ ಖುಷಿಯೇ. ಆ ಗೋಡೆ ಬಿದ್ದದ್ದಕ್ಕೆ ನಾನು ಅಳುವವಳಲ್ಲ. ಹಳೆಯದೆಲ್ಲ ಚೆಂದವಿತ್ತು ಎಂದು ನನ್ನ ವಯಸ್ಸಿನವರು ಬರೆಯುವುದನ್ನು ಓದಿದರೆ ನನಗೆ ಕೆನ್ನೆ ಚುರ್ರೆನ್ನುತ್ತದೆ. ಆದರೆ ಹೋದದ್ದರಲ್ಲಿ ಒಂದು ಕೈ ಇತ್ತು. ಒಂದೇ ಸಮನೆ ಕಾಳು ಬಿಡುತ್ತಿದ್ದ, ತನ್ನ ನಾಲ್ಕೆಕರೆಯನ್ನು ಒಮ್ಮೆಯೂ ಬಿತ್ತದೆ ಹೋದ ಕೈ. ಅದನ್ನು ಹೇಳಲು ನನ್ನ ಶ್ರೀಮಂತ ಇಂಗ್ಲಿಷಿನ ನಾಲ್ಕು ವರ್ಡ್ಸ್ ಸಾಲುವುದಿಲ್ಲ. ಕನ್ನಡದ ಒಂದು ಸಾಕಾಗುತ್ತಿತ್ತು, ಈಗ ಆ ಒಂದನ್ನು ಅಷ್ಟೂ ಅರ್ಥ ಸೇರಿಸಿ ಯಾರೂ ಆಡುವುದಿಲ್ಲ.

ತಾತ ಸತ್ತ ಮೇಲೆ ಅತ್ತೆ ಆ ಮನೆ ಬಿಟ್ಟು ಮಾನ್ವಿಗೆ ಹೋಗಿ, ಒಂದು ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತ, ಅದರ ಹಿಂದಿನ ಖೋಲಿಯಲ್ಲಿ ಇದ್ದಳು. ನಾನು ಮದುವೆಯಾಗಿ ರಾಯಚೂರಿನಲ್ಲೇ ಸಂಸಾರ ಹೂಡಿದ್ದೆ. ಮಾನ್ವಿಯಲ್ಲಿ ಯಾರದೋ ಮದುವೆಗೆ ಹೋದವಳು, ಊಟ ಮಾಡದೆ ಅವಳ ಹತ್ತಿರ ಹೋದೆ. ಎಂಬತ್ತರ ದಶಕದ ಕೊನೆ. ಅವಳ ತಲೆ ಪೂರಾ ಬೆಳ್ಳಗಾಗಿತ್ತು. ಹೊಗೆಯಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಖೋಲಿಯ ಬಾಗಿಲಿಗೆ ಕಟ್ಟಿಗೆ ಒಟ್ಟಿತ್ತು. ಸೀಳಿದ ನೊಗ ನನಗೆ ಗುರುತು ಸಿಕ್ಕಿತು.

"ಹೌದು, ಅವ ಮುಟ್ಟು," ಅಂದಳು ನನ್ನ ಕಣ್ಣು ನೋಡಿ. "ಟ್ರ್ಯಾಕ್ಟರ್ ತಂದ ಮ್ಯಾಲ ನಿಮ್ಮ ಕಾಕಾಗ ಜಾಗ ಸಾಲಲಿಲ್ಲ. ಟ್ರೇಲರದಾಗ ಹೇರಿ ಕಳಿಸಿದ. ನಿನ್ನ ಮುಟ್ಟು ಮುಟ್ಟಿದವೇನು ಅಂತ ಮಂದಿ ಕೈಲೆ ಕೇಳ್ಯಾನ. ಮುಟ್ಟ್ಯಾವ ಅಂತ ಹೇಳಿ ಕಳಿಸೀನಿ."

ನಾನು ಒಲೆಯ ಪಕ್ಕ ಕೂತೆ.

"ನಾ ಅವತ್ತ ಕೇಳಿದ್ದೆ ನೋಡು, ಮುಟ್ಟು ನಿಂತ ಮ್ಯಾಲ ಕೊಡತೀರೇನು ಅಂತ. ಈಗ ನಂದು ನಿಂತು ಎರಡು ವರ್ಷ ಆತು. ಮಾತಿಗೆ ತಪ್ಪಲಿಲ್ಲ ನನ್ನ ತಮ್ಮ." ಒಲೆಯಿಂದ ಹೊರಗೆ ಬಂದಿದ್ದ ಕಟ್ಟಿಗೆಯನ್ನು ಕಾಲಿನಿಂದ ಒಳಗೆ ತಳ್ಳಿದಳು. ಕೂರಿಗೆಯ ದಿಂಡು. ಒಂದು ಬದಿ ಸ್ವಲ್ಪ ತೆಳ್ಳಗಿತ್ತು.

"ಬಟ್ಟಲು ಇಟ್ಟೀಯೇನು ಅತ್ತಿ?"

"ಮೊದಲ ಅದನ್ನ ಉರಿಸಿದೆ. ಜಾಲಿ ಕಟ್ಟಿಗಿ, ಛಲೋ ಉರೀತು."

ಹೆಂಚಿನ ಮೇಲಿನ ರೊಟ್ಟಿ ಉಬ್ಬಿತು. ಅವಳು ಅದನ್ನು ಬರಿಗೈಯಲ್ಲೇ ಎತ್ತಿ, ಹಿಂಡಿ ಹಾಕಿ, ನನ್ನ ಅಂಗೈಯನ್ನು ತನ್ನ ಎಡಗೈಯಿಂದ ಕೆಳಗಿನಿಂದ ಹಿಡಿದು ಅದರ ಮೇಲಿಟ್ಟಳು. ಅವಳ ಬೆರಳು ಕೊರಡಿನ ಹಾಗಿದ್ದವು. ನಾನು ಅವಳನ್ನು ಕೊನೆಗೆ ನೋಡಿದ್ದು ಆಗ.

"ಬಿಸಿ ಅದ ಬೇ," ಅಂದಳು. "ಮೆಲ್ಲಕ ಮುಟ್ಟು."